ಮಾವ ಆರೋಗ್ಯವಾಗಿದ್ದಾರೆ

೩೦ ಡಿಸೆಂಬರ್ ೨೦೨೫, ಮಂಗಳವಾರ. ಮಾಗಡಿ

ಸೊಸೆ ಮಮತಾ ಬೆಳಗ್ಗೆ ನೆಂಟರ ವಾಟ್ಸಾಪ್ ಗುಂಪಿಗೆ ನಮ್ಮ ಮನೆಯ ವರ್ಷದ ವರದಿ ಹಾಕಿದಳು. ಅವರೆಲ್ಲ ಹಂಪಿ ನೋಡಿದ್ದು, ಮಗ ಬಾಲರಾಜುವಿಗೆ ಬಡ್ತಿ ಸಿಕ್ಕಿದ್ದು, ಅವಳು ಬಿ.ಎಡ್. ಮುಗಿಸಿದ್ದು, ಮೊಮ್ಮಗ ಮಧು ಕಾಲೇಜಿನವರ ಜೊತೆ ಬೈರಮಂಗಲದ ಕೆರೆ ಹತ್ತಿರ ಸಸಿ ನೆಟ್ಟಿದ್ದು, ಎಲ್ಲವೂ ಫೋಟೊ ಸಮೇತ. ಕೊನೆಗೊಂದು ಸಾಲು: "ಮಾವ ಆರೋಗ್ಯವಾಗಿದ್ದಾರೆ."

ಇಷ್ಟೇನಾ ನನ್ನ ವರ್ಷ? ನಮ್ಮ ಬೀದಿ ದೀಪ ಹಗಲೆಲ್ಲ ಉರಿಯುತ್ತದೆ ಎಂದು ಅರ್ಜಿ ಹಿಡಿದು ರಾಮನಗರಕ್ಕೆ ಎಷ್ಟು ಸಲ ಬಸ್ ಹತ್ತಿದೆ. ಪ್ರವಾಸವೂ ಅದೇ, ಸೇವೆಯೂ ಅದೇ. ನಾನು ಹುಡುಗನಾಗಿದ್ದಾಗ ಬೀದಿಯ ಸೀಮೆಎಣ್ಣೆ ದೀಪವನ್ನೂ ಬೆಳಗ್ಗೆ ಆರಿಸಲು ಒಬ್ಬನಿದ್ದ.

ಸಂಜೆ ಬಾಮೈದ ನರಸಯ್ಯ ಕನಕಪುರದಿಂದ ಬಸ್ ಬದಲಿಸಿಕೊಂಡು ಬಂದ. ಕೈಯಲ್ಲಿ ಕಿತ್ತಳೆ, ಬ್ರೆಡ್ಡು.

"ಏಳ್ಬ್ಯಾಡಿ ಭಾವ, ಮಲಿಕ್ಕಳಿ."

ಚೆನ್ನಾಗಿರುವವನನ್ನು ಆರೋಗ್ಯವಾಗಿದ್ದಾನೆ ಎಂದು ಯಾರೂ ಬರೆಯುವುದಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ ಎಂಬುದು ಅವನ ಲೆಕ್ಕ. ಸಿಟ್ಟಿನಿಂದ ಬೀದಿ ದೀಪದ ಕಥೆಯನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ತನ್ನ ಅಕ್ಕನ ಕಡೆ ತಿರುಗಿದ.

"ಗಾಬರಿ ಏನಿಲ್ಲ ಕಣಕ್ಕ, ಮೊದಲ್ನಂಗೇ ಬಯ್ತಾವ್ರೆ."

"ಅದು ಒಸಿ ಕಮ್ಮಿ ಆಗ್ಲಿ ಅಂತ್ಲೇ ನಾನು ಕಾಯ್ತಿರೋದು," ಎಂದಳು ನನ್ನ ಹೆಂಡತಿ ಅಂಬುಜಮ್ಮ.

ಅವನು ಅಲ್ಲೇ ಕೂತು ಗುಂಪಿಗೆ ಬರೆದ: "ಭಾವನ್ನ ಕಣ್ಣಾರೆ ಕಂಡೆ. ಬೀದಿ ದೀಪ ಹಗಲೊತ್ತು ಉರೀತೈತೆ ಅಂತ ಸರ್ಕಾರನ್ನೇ ಬಯ್ತಾವ್ರೆ. ಏನೂ ಆಗಿಲ್ಲ."

ಅಂತೂ ನನ್ನ ವರ್ಷದ ಕೆಲಸವೂ ಗುಂಪಿಗೆ ಬಂತು, ಡಾಕ್ಟರ ರಿಪೋರ್ಟಿನ ಹಾಗೆ. ಮಮತಾಳ ಬಿ.ಎಡ್.ಗೆ ಬಿದ್ದದ್ದಕ್ಕಿಂತ ಹೆಚ್ಚು ಮೆಚ್ಚುಗೆಯ ಹೆಬ್ಬೆರಳು ಬಿದ್ದಿವೆ. ಇನ್ನೊಂದು ಸಲ ನೋಡಿ ಮಲಗುತ್ತೇನೆ.