ವೃಶ್ಚಿಕದ ಗೆರೆಗಳು

ಮಾರ್ಚ್ 4, ಮಂಗಳವಾರ
ಹನ್ನೊಂದರ ಶೋ, ಮೂರರದು, ಐದೂವರೆಯದು. ಗಂಟಲು ಕಟ್ಟಿದೆ. ತಾರಾಲಯದಲ್ಲಿ ಹನ್ನೊಂದು ವರ್ಷದಿಂದ ಇದೇ — ದೀಪ ಆರಿಸು, ಆಕಾಶ ಹಾಕು, ಚುಕ್ಕಿಗೆ ಚುಕ್ಕಿ ಸೇರಿಸಿ ಗೆರೆ ತೋರಿಸು. ಇದು ಸಿಂಹ, ಇದು ಕನ್ಯಾ.
ಹೊಸ ಹುಡುಗಿ ಸಾಫ್ಟ್‌ವೇರಿನಲ್ಲಿ ಗೆರೆಗಳ ಬಣ್ಣ ಬದಲಾಯಿಸುತ್ತ ಕೂತಿದ್ದಳು. ಒಂದೊಂದು ರಾಶಿಗೆ ಒಂದೊಂದು ಬಣ್ಣವಂತೆ. ನನ್ನ ತಿಳಿನೀಲಿ ಏನು ಪಾಪ ಮಾಡಿತ್ತು? ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಅವಳಿಗೆ ಬಣ್ಣದ ಡಬ್ಬಿ ಅಂತ ಹೆಸರಿಟ್ಟಿದ್ದೇನೆ. ಮನಸ್ಸಿನಲ್ಲೇ.

ಮಾರ್ಚ್ 6
ಮೂರರ ಶೋ ಅವಳು ಮಾಡಿದಳು. ಮಕ್ಕಳ ಚಪ್ಪಾಳೆ. ಗೆರೆಗೆ ಚಪ್ಪಾಳೆ! ಸಾಹೇಬರು ಕ್ಯಾಬಿನ್ನಿಂದ ಎದ್ದು ಬಂದರು. ನನ್ನ ಶೋಗೆ ಒಂದು ದಿನವೂ ಬಂದವರಲ್ಲ.
"ಭಾನುವಾರ ಸಂಜೆ ಶೋ ನೀವೇ ಮಾಡಮ್ಮ. ಜನಕ್ಕೆ ಹಿಡಿಸಿದ್ರೆ ಇನ್ಮೇಲೆ ಸಂಜೆದು ನಿಮ್ದೇ." ನನ್ನತ್ತ ತಿರುಗಿ, "ನಿಮ್ಗೂ ರೆಸ್ಟ್ ಆಗುತ್ತಲ್ರೀ."
ರೆಸ್ಟ್! ಸಂಜೆ ಶೋ ಹೋದರೆ ನನಗೆ ಉಳಿಯುವುದೇನು? ಹೊಟ್ಟೆ ಉರಿಯುತ್ತಿದೆ. ಅವಳ ಕೈ ಸೇದಿಹೋಗಲಿ… ಛೆ.
ಇನ್ನೊಂದೂ ಇದೆ. ಆ ಬಣ್ಣಗಳಲ್ಲಿ ಅರ್ಧ ನನಗೆ ತಿಳಿಯುವುದೇ ಇಲ್ಲ. ಕೆಂಪು, ಹಸಿರು, ಕಂದು — ಎಲ್ಲ ಒಂದೇ ಕೆಸರು. ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಎಲ್ಲಕ್ಕೂ ತಿಳಿನೀಲಿ ಹಾಕಿದ್ದು ಅದಕ್ಕೇ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ 1.20
ಬಣ್ಣದ ಡಬ್ಬಿ ಊಟಕ್ಕೆ ಹೋದಳು. ಸಿಸ್ಟಮ್ ತೆರೆದೇ ಇತ್ತು. ಅವಳ ಶೋದ ಜೀವಾಳ ವೃಶ್ಚಿಕ. ಬಣ್ಣಕ್ಕೆ ಮೂರು ಅಂಕಿ — ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಬೆರೆಸಬೇಕೆಂದು. ಮೂರೂ ಸೊನ್ನೆ ಮಾಡಿದರೆ ಬೇಕಂತಲೇ ಮಾಡಿದ್ದೆಂದು ಗೊತ್ತಾಗುತ್ತದೆ. ಕೊನೆಯ ಎರಡು ಸೊನ್ನೆ ಮಾಡಿದೆ, ಮೊದಲನೆಯದನ್ನು ಅರ್ಧಕ್ಕಿಳಿಸಿದೆ. ಸ್ಕ್ರೀನ್ ನೋಡಿದೆ. ಗೆರೆ ಮಾಯ! ಅವಳದೇ ಕೈತಪ್ಪು ಅನ್ನುತ್ತಾರೆ. ಒಳಗೊಳಗೇ ಖುಷಿ.

ಅದೇ ದಿನ. ಸಂಜೆ 7
ಹಾಲ್ ತುಂಬಿತ್ತು. "ಈಗ ನೋಡಿ, ಚೇಳು!" ಅಂದಳು. ನನಗೆ ಬರೀ ಕತ್ತಲೆ, ಚುಕ್ಕಿ. ಸುಮ್ಮನಿರಬಹುದಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ — ಇನ್ನೊಂದು ಮೈಕ್ ಎತ್ತಿದೆ.
"ಕ್ಷಮಿಸಿ, ನಮ್ಮ ಹೊಸಬರಿಂದ ಸಣ್ಣ ತಪ್ಪಾಗಿದೆ. ಚೇಳಿನ ಗೆರೆ ಕಾಣಿಸ್ತಾ ಇಲ್ಲ."
ಮುಂದಿನ ಸಾಲಿನಿಂದ ಒಂದು ಮಗು: "ಕಾಣಿಸ್ತಿದೆಯಲ್ಲಾ ಅಂಕಲ್! ಕೆಂಪಗಿದೆ!"
ಇಡೀ ಹಾಲ್ ನಕ್ಕಿತು. ನಾನು "ಎಲ್ಲಿ?" ಅಂದೆ. ಮೈಕ್ ಆನ್ ಇತ್ತು. ನಗು ನಿಂತುಹೋಯಿತು.
ಮೊದಲ ಅಂಕಿ ಕೆಂಪಿನದು. ಉಳಿಸಿದವನು ನಾನೇ. ಊರಿಗೆಲ್ಲ ಗಾಢ ಕೆಂಪು, ನನ್ನೊಬ್ಬನಿಗೆ ಕಪ್ಪು. ಹೊರಗೆ ಸಾಹೇಬರು ಅವಳಿಗೆ ಹೇಳುತ್ತಿದ್ದರು, "ಆ ಚೇಳಿನ ಕೆಂಪು ಇದೆಯಲ್ಲ, ಅದ್ಭುತ ಕಣಮ್ಮ."
ನನ್ನ ಕೆಂಪು! ಅದಕ್ಕೂ ಹೊಟ್ಟೆ ಉರಿಯಿತು.

ಮಾರ್ಚ್ 15
ಐದು ದಿನ ರಜೆ ಹಾಕಿ ಮಲಗಿದ್ದೆ. ಇಂದು ಹೋದೆ. ಸಂಜೆ ಶೋ ಅವಳದಾಗಿದೆ.
ಕುರ್ಚಿ ಎಳೆದುಕೊಂಡು ಬಂದಳು. "ಚೇಳಿಗೆ ನಾನು ಕೇಸರಿ ಹಾಕಿದ್ದೆ ಸರ್. ಯಾರು ಬದಲಾಯಿಸಿದ್ರು ಅಂತ ಗೊತ್ತು. ಸಾಹೇಬ್ರಿಗೆ ಹೇಳಿಲ್ಲ."
ಬೈದಿದ್ದರೆ ಚೆನ್ನಾಗಿತ್ತು.
"ಒಂದೊಂದೇ ಬಣ್ಣ ಹಾಕ್ತೀನಿ. ನಿಮ್ಗೆ ಕಾಣೋದು ಯಾವ್ದು ಹೇಳಿ, ಅಷ್ಟನ್ನೇ ಇಟ್ಕೊಳ್ಳೋಣ."
ನಲವತ್ತೆಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ದೀಪ ಆರಿಸಿ ಇಬ್ಬರೇ ಕೂತೆವು. ಹಳದಿ — ಕಂಡಿತು. ನೀಲಿ — ಕಂಡಿತು. ಆಮೇಲೆ ಇಡೀ ಗುಮ್ಮಟ ಖಾಲಿ. ಅವಳೆದುರು ಸೋಲಲು ಮನಸ್ಸು ಒಪ್ಪಲಿಲ್ಲ. "ಹ್ಞಾ, ಇದೂ ಕಾಣುತ್ತೆ," ಅಂದೆ.
ಅವಳ ಕುರ್ಚಿ ಕಿರುಗುಟ್ಟಿತು.
"ಸರ್… ನಾನಿನ್ನೂ ಹಾಕೇ ಇಲ್ಲ."
ಕತ್ತಲಿದ್ದದ್ದು ಪುಣ್ಯ. ಕೊನೆಗೆ ನಾನೇ ಬಾಯಿಬಿಟ್ಟೆ. "ಕೆಂಪಿನಿಂದ ಶುರು ಮಾಡಮ್ಮ. ಅದು ನಂಗೆ ಕಾಣೋದೇ ಇಲ್ಲ."