ಸಾಂಬ್ರಾಣಿ ಎಂದು ಸುಟ್ಟ ಮಣಿ

ಕುನ್ನತ್ತೂರು
19-3-1986, ಬುಧವಾರ

ಸಿಂಗಾನಲ್ಲೂರಿನಲ್ಲಿರುವ ನನ್ನ ಜಾನಮ್ಮ ಅಕ್ಕನಿಗೆ,

ನಿನ್ನ ತಂಗಿ ಚಂದ್ರಾಳ ನಮಸ್ಕಾರ. ಭಾವನಿಗೆ ಮಿಲ್ಲಿನಲ್ಲಿ ಹಗಲು ಪಾಳಿ ಸಿಕ್ಕಿತೇ? ಪುಟ್ಟಿಗೆ ಹಲ್ಲು ಬಂತೇ? ನಾವಿಲ್ಲಿ ಚೆನ್ನಾಗಿದ್ದೇವೆ. ನಾನಂತೂ ಚೆನ್ನಾಗಿರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಇದ್ದೇನೆ. ಅದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ, ಅದಕ್ಕೇ ಈ ಕಾಗದ. ತಾಳವಾಡಿಯಲ್ಲಿ ಐದನೇ ತರಗತಿಗೆ ಬಿಟ್ಟ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲೇ ಒಂದು ವಿಷಯ ಒಪ್ಪಿಕೊಳ್ಳುತ್ತೇನೆ, ಕೋಪ ಮಾಡಬೇಡ. ಒಂದು ತಿಂಗಳಿಂದ ನಾನು ಮಣ್ಣಿನ ಕೆಲಸಕ್ಕೆ ಹೋಗುತ್ತಿದ್ದೇನೆ. ಊರಾಚೆ ಅಂಗಪ್ಪನ್ ಅವರ ಹೊಲದಲ್ಲಿ ಹಳೆಯ ಕಾಲದ ಊರೊಂದು ಹೂತುಹೋಗಿದೆಯಂತೆ. ಅದನ್ನು ಅಗೆಯಲು ಕಾಲೇಜಿನಿಂದ ಒಬ್ಬ ದೊಡ್ಡ ವಾದ್ಯಾರೂ ಅವರ ಶಿಷ್ಯರೂ ಬಂದು ಡೇರೆ ಹಾಕಿದ್ದಾರೆ. ಗಂಡಸರು ಗುಂಡಿ ಅಗೆದು ಮಣ್ಣನ್ನು ಮಂಕರಿಯಲ್ಲಿ ಮೇಲೆ ಕಳಿಸುತ್ತಾರೆ, ಹೆಂಗಸರು ಜರಡಿ ಹಿಡಿಯುತ್ತೇವೆ. ಮಗ್ಗಕ್ಕೆ ನೂಲು ಬರುವುದು ತಡವಾಗಿತ್ತು. ನಾನು ಮನೆಯಲ್ಲಿ ಕೂತು ಮೂಕಿಯಾಗುತ್ತಿದ್ದೇನೆಂದು ಅತ್ತೆಯೇ ನನ್ನನ್ನು ಎಳೆದುಕೊಂಡು ಹೋದರು. ನಮ್ಮ ಅತ್ತೆ ಪೆರಿಯನಾಯಕಿ ನಿನಗೆ ಗೊತ್ತಲ್ಲ, ಅವರು ಇದ್ದ ಕಡೆ ಇನ್ನೊಬ್ಬರು ಮಾತಾಡುವ ಅಗತ್ಯವಿರುವುದಿಲ್ಲ. ನನಗೂ ಅದೇ ಅನುಕೂಲ. ನಾಲ್ಕು ಜನರ ಮುಂದೆ ನನ್ನ ಬಾಯಿ ಹೇಗೆ ಅಂಟಿಕೊಳ್ಳುತ್ತದೆಂದು ನೀನೇ ಎಷ್ಟು ಸಲ ನಕ್ಕಿಲ್ಲ.

ಕೆಲಸ ಮಾತ್ರ ಎಷ್ಟು ಚೆಂದ ಅಂತೀ. ಬರೀ ಮಣ್ಣು ಎಂದುಕೊಳ್ಳುವಾಗಲೇ ಜರಡಿಯಲ್ಲಿ ಒಂದು ಕೆಂಪು ಕಲ್ಲಿನ ಮಣಿ ಕಣ್ಣು ಬಿಡುತ್ತದೆ. ಸಾಸಿವೆಗಿಂತ ತುಸು ದೊಡ್ಡದಿರುವ ಮಣಿಗೂ ತೂತು ಕೊರೆದಿದ್ದಾರೆ. ಯಾವ ಹೆಂಗಸಿನ ಕೊರಳಲ್ಲಿತ್ತೋ, ಎಂದು ಕಳಚಿ ಬಿತ್ತೋ ಎಂದು ಯೋಚಿಸುತ್ತಾ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಜೊತೆಗೆ ನನ್ನದೊಂದು ಚಾಳಿ. ನಮ್ಮ ಮನೆಯಲ್ಲಿ ಮಗ್ಗದ ಉದ್ದೆಳೆಗಳ ಹಾಸು ಮಾಡುವಾಗ ಎಳೆಗಳ ಎಣಿಕೆ ತಪ್ಪದಿರಲೆಂದು ಅಲ್ಲಲ್ಲಿ ಬಣ್ಣದ ದಾರ ಕಟ್ಟುತ್ತೇವೆ. ಕೈ ಅದಕ್ಕೇ ಒಗ್ಗಿಹೋಗಿದೆ. ಇಲ್ಲಿಯೂ ಸೊಂಟದಲ್ಲಿ ಒಂದು ನೂಲು ಸಿಕ್ಕಿಸಿಕೊಂಡು, ಒಂದು ಮಂಕರಿ ಮುಗಿದರೆ ಒಂದು ಗಂಟು ಹಾಕುತ್ತಿದ್ದೆ. ಊಟಕ್ಕೆ ಎದ್ದರೆ ಕೆಂಪು ದಾರ, ಏನಾದರೂ ಸಿಕ್ಕರೆ ಆ ಗಂಟಿಗೆ ಹಳದಿ ದಾರ. ದಿನಕ್ಕೊಂದು ನೂಲು. ಯಾರೂ ಹಾಕು ಎಂದಿರಲಿಲ್ಲ. ಮಣ್ಣಿಗೂ ಸೀರೆ ನೇಯುತ್ತೀಯಾ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು.

ಹೋದ ವಾರ ನನ್ನ ಜರಡಿಯಲ್ಲಿ ಹುಣಸೆಬೀಜದ ಗಾತ್ರದ್ದೊಂದು ಸಿಕ್ಕಿತು. ಕಂದು ಬಣ್ಣ, ಮೇಲೆಲ್ಲ ಬಿರುಕು, ಕಲ್ಲಿನಷ್ಟು ಭಾರವಿಲ್ಲ. ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳುವವನು ದಂಡಪಾಣಿ ಎಂಬ ಶಿಷ್ಯ. ಅವನು ಅದನ್ನು ತಿರುಗಿಸಿ ನೋಡಿ, ಹೊಲದಲ್ಲಿ ಯಾರೋ ಪೂಜೆ ಮಾಡಿ ಬಿಟ್ಟುಹೋದ ಸಾಂಬ್ರಾಣಿ ಎಂದು ಬೇಡದ ರಾಶಿಗೆ ಎಸೆದ. ಅತ್ತೆ ಬಿಡುತ್ತಾರೆಯೇ? ಇನ್ನೊಂದು ಜರಡಿಯಿಂದ ಎದ್ದು ಬಂದು, ನಮಗಾದರೂ ಕೊಡಿ, ಮಗ್ಗಕ್ಕೆ ಹೊಗೆ ಹಾಕುತ್ತೇವೆ ಎಂದು ಕೇಳಿದರು. ತಗೊಳ್ಳಿ ಅಮ್ಮ, ನನ್ನ ಹೆಸರಲ್ಲೂ ಒಂದು ನಮಸ್ಕಾರ ಹಾಕಿ ಎಂದು ಅವನೇ ಕೊಟ್ಟ. ಇದನ್ನು ಚೆನ್ನಾಗಿ ನೆನಪಿಟ್ಟುಕೋ ಅಕ್ಕ, ನಾವು ಕದ್ದು ತಂದದ್ದಲ್ಲ.

ಶುಕ್ರವಾರ ನೂಲು ಬಂದು ಹೊಸ ಹಾಸು ಮಗ್ಗಕ್ಕೆ ಏರಿತು. ಹೊಸ ಹಾಸಿನ ನೂಲಿಗೆ ಸಾಂಬ್ರಾಣಿ ಹೊಗೆ ತೋರಿಸದೆ ಈ ಮನೆಯಲ್ಲಿ ಲಾಳಿ ಓಡುವುದಿಲ್ಲ. ಅತ್ತೆ ಕೆಂಡದ ಬಟ್ಟಲಿಗೆ ಆ ತುಂಡನ್ನು ಹಾಕಿದರು. ಹೊಗೆ ಎದ್ದಿತು. ಅದರ ಪರಿಮಳವನ್ನು ಹೇಗೆ ಬರೆಯಲಿ? ತಾಳವಾಡಿಯ ಬೆಟ್ಟದಲ್ಲಿ ಎಳೆಬಿಸಿಲಿಗೆ ಮರದ ಅಂಟು ಬೆಚ್ಚಗಾದಾಗ ಬರುತ್ತಿತ್ತಲ್ಲ, ಸುಮಾರು ಅಂಥದ್ದು. ಅತ್ತೆ ಮೂಗರಳಿಸಿ ನಿಂತರು.

“ಇದು ಅಂಗಡಿ ಸಾಂಬ್ರಾಣಿ ಅಲ್ಲ ಕಣ್ಣು. ಇದ್ರ ವಾಸನೇನೇ ಬೇರೆ.”

ನನ್ನನ್ನು ಅವರು ಮುದ್ದಿನಿಂದ ಕಣ್ಣು ಎಂದೇ ಕರೆಯುವುದು. ಹಾಗೆಂದು ತುಂಡನ್ನು ಇಕ್ಕಳದಲ್ಲಿ ಚಕ್ಕನೆ ಎತ್ತಿಬಿಟ್ಟರು. ಒಂದು ತುದಿ ಕರಗಿ ಕಪ್ಪಾಗಿತ್ತು. ಬಿಸಿಗೆ ನಡುವಿನ ಮಣ್ಣು ಒಣಗಿ ಉದುರಿತು. ಒಳಗೆ ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಒಂದು ತೂತು. ಸಾಂಬ್ರಾಣಿಗೆ ತೂತು ಕೊರೆಯುವವರುಂಟೇ? ದೀಪಕ್ಕೆ ಹಿಡಿದರೆ ಒಳಗೆ ಜೇನಿನ ಬಣ್ಣ. ನಾವು ಸುಟ್ಟದ್ದು ಮಣಿಯನ್ನು.

ನಮ್ಮ ಯಜಮಾನರು ರಾಮಲಿಂಗಂ ಬೆವತುಹೋದರು. ಸರ್ಕಾರದ ವಸ್ತು ಸುಟ್ಟಿದ್ದೇವೆ, ಬಾವಿಗೆ ಹಾಕಿ ಸುಮ್ಮನಿರಿ, ನಾಳೆಯಿಂದ ಕೆಲಸಕ್ಕೂ ಹೋಗಬೇಡಿ ಎಂದರು. ಅಕ್ಕ, ನಿಜ ಹೇಳುತ್ತೇನೆ. ಮಣಿ ಸುಟ್ಟದ್ದಕ್ಕಿಂತ, ಇನ್ನು ಆ ಜರಡಿಯ ಮುಂದೆ ಕೂರುವಂತಿಲ್ಲ ಎಂಬುದೇ ನನಗೆ ದೊಡ್ಡ ದುಃಖವಾಯಿತು. ಅತ್ತೆ ಮಗನ ಮಾತು ಕಿವಿಗೆ ಹಾಕಿಕೊಳ್ಳದೆ ಮಣಿಯನ್ನು ಹತ್ತಿಯಲ್ಲಿ ಸುತ್ತಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡರು.

ಶನಿವಾರ ನೇರ ಡೇರೆಗೆ ಹೋದೆವು. ಕೆಂಡಕ್ಕೆ ಹಾಕಿದ್ದು ನಾನೇ, ಮುದುಕಿ, ತಿಳಿಯದೆ ಮಾಡಿದೆ ಎಂದು ಅತ್ತೆ ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದರು. ವಾದ್ಯಾರು ಬೈಯಲಿಲ್ಲ. ಸುಟ್ಟ ತುದಿಯನ್ನು ಮೂಸಿದರು. ಮಣಿಯನ್ನು ತೋಳಿನ ಬಟ್ಟೆಗೆ ತಿಕ್ಕಿ, ಅದು ಸುತ್ತಿಬಂದಿದ್ದ ಹತ್ತಿಯ ಮೇಲೆ ಹಿಡಿದರು. ಹತ್ತಿಯ ಎಳೆಗಳು ಎದ್ದು ಹಾರಿ ಮಣಿಗೆ ಅಂಟಿಕೊಂಡವು. ಅವರ ಮುಖ ಚಿಕ್ಕ ಮಗುವಿನದರಂತಾಯಿತು. ಅದರ ಹೆಸರು ಅಂಬರ್ ಅಂತೆ. ಕಲ್ಲಲ್ಲವಂತೆ ಅಕ್ಕ, ಮರದ ಕಣ್ಣೀರು. ಮನುಷ್ಯರೇ ಇಲ್ಲದ ಕಾಲದಲ್ಲಿ ಸುರಿದ ಅಂಟು ಕೋಟ್ಯಂತರ ವರ್ಷ ನೆಲದಲ್ಲಿದ್ದು ಹೀಗಾಗುತ್ತದೆಯಂತೆ. ಬೇವಿನ ಅಂಟಿನಲ್ಲಿ ಇರುವೆ ಸಿಕ್ಕಿಕೊಳ್ಳುವ ಹಾಗೆ ಕೆಲವದರಲ್ಲಿ ಆಗಿನ ಇರುವೆ, ಸೊಳ್ಳೆ ರೆಕ್ಕೆಯ ಸಮೇತ ಉಳಿದಿರುತ್ತವಂತೆ. ನಮ್ಮ ಕಡೆ ಸಿಗುವ ವಸ್ತುವಲ್ಲ, ದೂರದ ತಣ್ಣನೆಯ ಸಮುದ್ರದ ಕಡೆಯಿಂದ ಹಡಗಿನಲ್ಲಿ ಬಂದಿರಬಹುದು, ಪರೀಕ್ಷೆ ಮಾಡಿಸಿಯೇ ಹೇಳಬೇಕು ಎಂದರು.

ಆಮೇಲೆ ಕೇಳಿದರು, ಇದು ಸಿಕ್ಕಿದ್ದು ಎಲ್ಲಿ, ಎಷ್ಟು ಆಳದಲ್ಲಿ?

ದಂಡಪಾಣಿ ತಲೆ ತಗ್ಗಿಸಿದ. ಬೇಡವೆಂದು ಎಸೆದದ್ದನ್ನು ಅವನು ಬರೆದುಕೊಂಡಿರಲಿಲ್ಲ. ಅತ್ತೆಗೆ ಜೀವನದಲ್ಲಿ ಮೊದಲ ಸಲ ಮಾತು ಸಿಗಲಿಲ್ಲ, ಅವರು ಆ ದಿನ ಇನ್ನೊಂದು ಜರಡಿಯ ಹತ್ತಿರ ಇದ್ದರು. ಜಾಗ ಗೊತ್ತಿಲ್ಲದ ಮಣಿ ಯಾವ ಕಾಲದ್ದೆಂದು ಹೇಳಲಾಗದು, ಸುಮ್ಮನೆ ಡಬ್ಬಿಯಲ್ಲಿಡಬೇಕಷ್ಟೇ ಎಂದು ವಾದ್ಯಾರು ನಿಟ್ಟುಸಿರು ಬಿಟ್ಟರು. ಇಷ್ಟು ದೂರದಿಂದ, ಇಷ್ಟು ಕಾಲದಿಂದ ಬಂದದ್ದು ನನ್ನ ಬಾಯಿ ಅಂಟಿಕೊಂಡಿದೆಯೆಂದು ಡಬ್ಬಿಗೆ ಹೋಗಬೇಕೇ? ನೆಲ ನೋಡುತ್ತಲೇ ಹೇಳಿದೆ.

“ಮೂರನೇ ಗುಂಡಿ ಸಾಮಿ. ಬುಧವಾರ. ಊಟ ಆದ್ಮೇಲೆ ಏಳನೇ ಮಂಕರಿ.”

ಅದು ಹೇಗೆ ಗೊತ್ತು ಎಂದು ವಾದ್ಯಾರು ಕೇಳಿದಾಗ ಸೊಂಟದ ಗಂಟಿನಿಂದ ಬುಧವಾರದ ನೂಲು ತೆಗೆದು ಕೊಟ್ಟೆ. ಕೆಂಪು ದಾರ, ಆಮೇಲೆ ಏಳು ಗಂಟು, ಏಳನೆಯದರಲ್ಲಿ ಹಳದಿ. ಗುಂಡಿಯಿಂದ ಮೇಲೆ ಬಂದ ಮಂಕರಿಗಳ ಲೆಕ್ಕ ದಂಡಪಾಣಿಯ ಪುಸ್ತಕದಲ್ಲಿತ್ತು. ಹೊಂದಿಸಿ ನೋಡಿದರೆ ಆ ಹೊತ್ತಿಗೆ ಗುಂಡಿ ಎದೆಯುದ್ದ ಆಳವಾಗಿತ್ತು. ಕೆಂಪು ಮಣಿಗಳು ಗುಂಪಾಗಿ ಸಿಕ್ಕಿದ್ದೂ ಅದೇ ಆಳದಲ್ಲಿ, ಅದೇ ಮೂಲೆಯಲ್ಲಿ. ಒಂದೇ ಸರದವೇ ಇರಬಹುದು ಎಂದು ವಾದ್ಯಾರು ಆ ನೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು.

ಈಗ ಎಲ್ಲ ಜರಡಿಗಳ ಪಕ್ಕದಲ್ಲೂ ನೂಲು ನೇತಾಡುತ್ತಿದೆ. ಗಂಟು ಹಾಕುವುದನ್ನು ಎಲ್ಲರಿಗೂ ಹೇಳಿಕೊಡುವವಳು ನಾನು, ಬಾಯಿ ತೆರೆದು! ದಂಡಪಾಣಿಯನ್ನು ಹೆಂಗಸರೆಲ್ಲ ಸಾಂಬ್ರಾಣಿ ಎಂದೇ ಕರೆಯುತ್ತಾರೆ. ತಮಿಳಿನಲ್ಲಿ ಅದು ದಡ್ಡನಿಗೆ ಇಡುವ ಹೆಸರು. ಪಾಪ, ಅವನೂ ನಕ್ಕುಕೊಂಡು ಓಗೊಡುತ್ತಾನೆ. ಮಣಿಯ ಚೀಟಿಯಲ್ಲಿ ಗುಂಡಿ, ಆಳ ಬರೆದ ಮೇಲೆ ಕೊನೆಗೆ ನನ್ನ ಹೆಸರನ್ನೂ ಬರೆದಿದ್ದಾರೆ. ರಾಮಲಿಂಗಂ ದಿನಾ ಸಂಜೆ ಸೈಕಲ್ಲಿನಲ್ಲಿ ಬಂದು ಆ ಚೀಟಿ ಇನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಂಡು ಹೋಗುತ್ತಾರೆ.

ಯುಗಾದಿಗೆ ನೀವೆಲ್ಲ ಬರಲೇಬೇಕು. ಇಷ್ಟನ್ನೂ ಅತ್ತೆಗೆ ಓದಿ ಹೇಳಿದೆ. ಅವರಿಗೆ ಕನ್ನಡ ಓದಲು ಬಾರದಿದ್ದರೂ ಕೇಳುವ ಕಿವಿ ಚುರುಕು. ಎಲ್ಲ ಸರಿಯಾಗಿದೆ, ಅಂಟಿಸು ಎಂದರು.

ನಿನ್ನ ಪ್ರೀತಿಯ,
ಚಂದ್ರಾ

ಮತ್ತೆ: ಅತ್ತೆ ನೀರಿಗೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಮಣಿಯನ್ನು ಕೆಂಡಕ್ಕೆ ಹಾಕಿದ ಕೈ ನನ್ನದು ಅಕ್ಕ, ಎತ್ತಿದ ಕೈ ಮಾತ್ರ ಅತ್ತೆಯದು. ಮುದುಕಿಯನ್ನು ಬೈದರೆ ಬೈಯಲಿ, ನಿನ್ನನ್ನು ಬೈದರೆ ನೀನು ಇನ್ನು ಬಾಯೇ ತೆರೆಯುವುದಿಲ್ಲ ಎಂದು ದಾರಿಯಲ್ಲೇ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ನಿನ್ನೆ ಆಣೆ ಮುರಿದು ವಾದ್ಯಾರಿಗೆ ನಾನೇ ಹೋಗಿ ನಿಜ ಹೇಳಿದೆ. ಅವರು ನಕ್ಕು, ಪುಸ್ತಕದಲ್ಲಿ ತಿದ್ದಿಕೊಂಡರು. ಆದರೆ ಅತ್ತೆಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಕೋಟಿ ವರ್ಷದ ಮಣಿಯನ್ನು ಮೂಸಿಯೇ ಕಂಡುಹಿಡಿಯಲೆಂದು ಬೇಕಂತಲೇ ಕೆಂಡಕ್ಕೆ ಹಾಕಿದೆ ಎಂದು ಅವರು ಈಗ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಯುಗಾದಿಗೆ ಬಂದಾಗ ನಿನಗೂ ಹೇಳುತ್ತಾರೆ. ಏನೂ ಗೊತ್ತಿಲ್ಲದವಳ ಹಾಗೆ ಬಾಯಿಬಿಟ್ಟುಕೊಂಡು ಕೇಳು.