ಬಕೆಟ್ಟಿಗೆ ಬಿದ್ದ ಕರೆ

ಅಪ್ಪಾ,

ನೀನು ಕ್ಲಿಪ್ ಹಾಕಿ ಬಟ್ಟೆ ಹಗ್ಗಕ್ಕೆ ನೇತುಹಾಕಿದ್ದ ಫೋನನ್ನು ಇಳಿಸಿದ್ದೇನೆ. ಅದೇನು ಬನಿಯನ್ನೇ, ಬಿಸಿಲಿಗೆ ಒಣಗಲು? ಒರೆಸಿ, ಬ್ಯಾಟರಿ ಬಿಚ್ಚಿ, ಕಿಟಕಿಯ ಬಳಿ ಗಾಳಿಗೆ ಇಟ್ಟಿದ್ದೇನೆ. ಜೀವ ಬಂತೇ ಎಂದು ಬ್ಯಾಟರಿ ಹಾಕಿ ನೋಡಬೇಡ. ಒಲೆಯ ಹತ್ತಿರ ಒಯ್ಯಬೇಡ. ಅಕ್ಕಿ ಡಬ್ಬಿಯಲ್ಲೂ ಹೂಳಬೇಡ, ಪುಡಿ ಒಳಗೆ ಸೇರುತ್ತದೆ.

"ಕೈ ಜಾರ್ತು ಕಣೇ" ಅಂದೆ ನೀನು. ನಾನು ಬಚ್ಚಲ ಬಾಗಿಲಲ್ಲೇ ನಿಂತಿದ್ದೆ, ಎತ್ತಲು ಹೋಗಿ ನೀನು ಬೀಳಿಸಿದ್ದನ್ನು ಕಂಡೆ. ಬಕೆಟ್ಟಿನ ತಳದಲ್ಲಿ ಅಕ್ಕನ ಹೆಸರು ಇನ್ನೂ ಬೆಳಗುತ್ತಿತ್ತು. ನಿನ್ನ ಮಾತು ಮೀರಿ ಮದುವೆಯಾಗಿ ಹೋದ ಮೇಲೆ ಅವಳು ಮಾಡಿದ ಮೊದಲ ಕರೆ ಅದು. ನೀನೇ ಬೇಕೆಂದು ಕಟ್ ಮಾಡಿದೆ ಎಂದು ಅವಳು ಅಂದುಕೊಳ್ಳಬಾರದಲ್ಲ? ನಡೆದದ್ದನ್ನು ನನ್ನ ಫೋನಿನಿಂದ ಬರೆದು ಕಳಿಸಿದೆ. ಮಧ್ಯಾಹ್ನ ಮತ್ತೆ ಮಾಡುತ್ತಾಳಂತೆ.

ನಿನ್ನ ಸಿಮ್ಮನ್ನು ನನ್ನ ಫೋನಿಗೆ ಹಾಕಿ ಮೇಜಿನ ಮೇಲೆ ಬಿಟ್ಟಿದ್ದೇನೆ. ಹೊಲಿಗೆ ಅಂಗಡಿಯಲ್ಲಿ ನನಗೆ ಯಾರು ಫೋನ್ ಮಾಡಬೇಕು? ಊಟ ಮುಚ್ಚಿಟ್ಟಿದೆ, ಮೊದಲು ಉಣ್ಣು. ರಿಂಗಾದರೆ ಕೂತುಕೊಂಡೇ ಎತ್ತು, ಬಚ್ಚಲ ಕಡೆ ಹೋಗಬೇಡ.

ಮಾತು ಹೊರಡದಿದ್ದರೆ ಸುಮ್ಮನೆ ಕೆಮ್ಮಿದರೂ ಸಾಕು. ನಿನ್ನ ಕೆಮ್ಮು ಅಕ್ಕನಿಗೆ ಗೊತ್ತು.

ಪುಟ್ಟಿ